ಮೈಯಳತೆಯೋ, ರಕ್ತದಳತೆಯೋ? ಕೀಮೋ ಔಷಧದ ಪ್ರಮಾಣದ ಪ್ರಶ್ನೆ

ಒಂದೇ ಎತ್ತರ, ಒಂದೇ ತೂಕದ ಇಬ್ಬರಿಗೆ ಒಂದೇ ಕ್ಯಾನ್ಸರ್ ಔಷಧವನ್ನು ಒಂದೇ ಪ್ರಮಾಣದಲ್ಲಿ ಕೊಟ್ಟರೂ ಅವರ ರಕ್ತದಲ್ಲಿ ಅದರ ಮಟ್ಟ ಒಂದೇ ಆಗಿರುವುದಿಲ್ಲ. ಫ್ಲೂರೊಯುರಾಸಿಲ್‌ನಂಥ ಔಷಧದಲ್ಲಿ ಈ ಅಂತರ ಹಲವು ಪಟ್ಟು ಇರುತ್ತದೆ. ಸಿಂದಗಿಯಿಂದ ಬಂದವರೊಬ್ಬರಿಗೆ ಬಾಯಿ ಹುಣ್ಣು ಕೂಡ ಆಗದೆ ಔಷಧ ಮೈಯಿಂದ ಹೊರಟುಹೋಗಬಹುದು. ಪಕ್ಕದ ಮಂಚದ ಮುದ್ದೇಬಿಹಾಳದವರಿಗೆ ಅದೇ ಪ್ರಮಾಣ ನಂಜಾಗಿ, ಬಿಳಿ ರಕ್ತಕಣ ಕುಸಿದು, ಜೀವಕ್ಕೇ ಕುತ್ತು ಬರಬಹುದು. ಎರಡನೆಯವರ ಸಂಕಟ ಎಲ್ಲರ ಕಣ್ಣಿಗೆ ಬೀಳುತ್ತದೆ. ಮೊದಲನೆಯವರಿಗೆ ಔಷಧ ಸಾಲಲಿಲ್ಲ ಎಂಬುದು ಗಡ್ಡೆ ಮತ್ತೆ ಬೆಳೆದಾಗಲೇ ಗೊತ್ತಾಗುವುದು, ಅಷ್ಟು ಹೊತ್ತಿಗೆ ಕಾಲ ಮೀರಿರುತ್ತದೆ. ಮೂರ್ಛೆರೋಗದ ಫೆನಿಟಾಯಿನ್, ಮೂತ್ರಪಿಂಡ ಕಸಿಯಾದವರ ಟ್ಯಾಕ್ರೊಲಿಮಸ್ ಇವುಗಳ ಮಟ್ಟವನ್ನು ರಕ್ತದಲ್ಲಿ ನೋಡಿಯೇ ಗುಳಿಗೆಯ ಪ್ರಮಾಣ ಕೂಡಿಸುತ್ತಾರೆ, ಕಳೆಯುತ್ತಾರೆ. ಅವುಗಳಿಗಿಂತ ಎಷ್ಟೋ ಹೆಚ್ಚು ನಂಜಿನ ಕೀಮೋ ಔಷಧಗಳಲ್ಲಿ ಬಹುಪಾಲಿಗೆ ಈ ಅಳತೆ ಇಂದಿಗೂ ರೂಢಿಯಲ್ಲಿಲ್ಲ. ಏಕೆ? ಇರಬೇಕೇ? ಇದ್ದರೆ ಯಾವ ಔಷಧಕ್ಕೆ? ಐವತ್ತು ವರ್ಷಗಳಿಂದ ನಡೆದಿರುವ ಈ ಚರ್ಚೆಯನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ನಿಂತು ನೋಡಿದರೆ ಅದಕ್ಕೆ ಬೇರೆಯೇ ಮುಖ ಬರುತ್ತದೆ. ರಕ್ತದಲ್ಲಿ ಔಷಧದ ಮಟ್ಟ ಎಷ್ಟಿದೆ ಎಂಬ ಅಂಕಿಗೆ ಬೆಲೆ ಬರುವುದು, ವೈದ್ಯರು ಮುಂದಿನ ನಿರ್ಧಾರ ತೆಗೆದುಕೊಳ್ಳುವ ಮೊದಲು ಅದು ಅವರ ಕೈ ಸೇರಿದಾಗ ಮಾತ್ರ. ಈ ಲೇಖನದ ವಾದ ನಿಂತಿರುವುದು ಆ ಮಾತಿನ ಮೇಲೆ.

ಒಂಬತ್ತು ಜನರ ಮೈಯಿಂದ ಹುಟ್ಟಿದ ಸೂತ್ರ

ಇಂದಿಗೂ ಕೀಮೋ ವಾರ್ಡಿನಲ್ಲಿ ಮೊದಲು ಆಗುವ ಕೆಲಸ ಎತ್ತರ ಮತ್ತು ತೂಕ ನೋಡುವುದು. ಅವೆರಡರಿಂದ ಮೈಯ ಹೊರಮೈ ವಿಸ್ತೀರ್ಣವನ್ನು ಚದರ ಮೀಟರಿನಲ್ಲಿ ಲೆಕ್ಕ ಹಾಕಿ, ಚದರ ಮೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಔಷಧ ಕೊಡುತ್ತಾರೆ. ಈ ಲೆಕ್ಕದ ಹೆಸರಾಂತ ಸೂತ್ರವನ್ನು ಡು ಬೋಯ್ ಎಂಬ ಇಬ್ಬರು ಅಮೆರಿಕನ್ ಸಂಶೋಧಕರು 1916ರಲ್ಲಿ ಪ್ರಕಟಿಸಿದರು. ಅದಕ್ಕೆ ಆಧಾರವಾಗಿದ್ದುದು ಒಂಬತ್ತು ಜನರ ಮೈಯಳತೆ. ಔಷಧಕ್ಕೂ ಆ ಸೂತ್ರಕ್ಕೂ ಆಗ ಯಾವ ಸಂಬಂಧವೂ ಇರಲಿಲ್ಲ. ಮೈ ಎಷ್ಟು ಶಾಖ ಉತ್ಪಾದಿಸುತ್ತದೆ ಎಂದು ತಿಳಿಯುವುದು ಅವರ ಉದ್ದೇಶವಾಗಿತ್ತು. 1958ರಲ್ಲಿ ಪಿಂಕೆಲ್ ಎಂಬ ವೈದ್ಯರು ಇಲಿ, ಮಗು, ದೊಡ್ಡವರು ಇವರೆಲ್ಲರ ಔಷಧ ಪ್ರಮಾಣವನ್ನು ಹೋಲಿಸಲು ಮೈವಿಸ್ತೀರ್ಣ ಅನುಕೂಲವೆಂದು ತೋರಿಸಿದರು. ಅಲ್ಲಿಂದ ಅದು ಕ್ಯಾನ್ಸರ್ ವೈದ್ಯದ ನಿಯಮವಾಗಿ ಬೇರೂರಿತು. ಪ್ರಾಣಿಯಿಂದ ಮನುಷ್ಯನಿಗೆ, ಮಗುವಿನಿಂದ ದೊಡ್ಡವರಿಗೆ ಪ್ರಮಾಣವನ್ನು ಅಂದಾಜು ಮಾಡಲು ಅದು ನಿಜಕ್ಕೂ ನೆರವಾಗುತ್ತದೆ. ಇಬ್ಬರು ವಯಸ್ಕರ ನಡುವೆ ವ್ಯತ್ಯಾಸ ತರುವುದು ಯಕೃತ್ತಿನ ಕಿಣ್ವ, ಮೂತ್ರಪಿಂಡದ ಶಕ್ತಿ, ರಕ್ತದ ಪ್ರೋಟೀನು, ಜೊತೆಗೆ ನುಂಗುವ ಬೇರೆ ಗುಳಿಗೆಗಳು. ಇವು ಯಾವುವೂ ಎತ್ತರ ತೂಕದಲ್ಲಿ ಕಾಣುವುದಿಲ್ಲ.

ಈ ನಿಯಮದಿಂದ ಮೊದಲು ಹೊರಬಂದ ಔಷಧ ಕಾರ್ಬೊಪ್ಲಾಟಿನ್. ಅದು ಬಹುತೇಕ ಮೂತ್ರಪಿಂಡದ ಮೂಲಕವೇ ಹೊರಹೋಗುತ್ತದೆ. 1989ರಲ್ಲಿ ಕ್ಯಾಲ್ವರ್ಟ್ ಮತ್ತು ಅವರ ಸಂಗಡಿಗರು ಮೂತ್ರಪಿಂಡದ ಸೋಸುವಿಕೆಯ ದರಕ್ಕೆ 25 ಕೂಡಿಸಿ, ಬೇಕಾದ ಒಟ್ಟು ಔಷಧ ಸಂಪರ್ಕದಿಂದ (ರಕ್ತದಲ್ಲಿ ಔಷಧ ಎಷ್ಟು ಮಟ್ಟದಲ್ಲಿ, ಎಷ್ಟು ಹೊತ್ತು ಇತ್ತು ಎಂಬುದರ ಮೊತ್ತದಿಂದ) ಗುಣಿಸಿದರೆ ಪ್ರಮಾಣ ಸಿಗುತ್ತದೆಂಬ ಸರಳ ಸೂತ್ರ ಕೊಟ್ಟರು. ಇಂದು ಎಲ್ಲ ಕಡೆ ಕಾರ್ಬೊಪ್ಲಾಟಿನ್ ಕೊಡುವುದು ಹಾಗೆಯೇ. ಈ ಸೂತ್ರ ಹುಟ್ಟಲು ರಕ್ತದ ಪ್ಲಾಸ್ಮಾದಲ್ಲಿ ಔಷಧವನ್ನು ಅಳೆದದ್ದೇ ಕಾರಣ. ಸೂತ್ರ ಸಿಕ್ಕ ಮೇಲೆ ಪ್ರತಿ ರೋಗಿಯಲ್ಲಿ ಮತ್ತೆ ಅಳೆಯುವ ಅಗತ್ಯ ಉಳಿಯಲಿಲ್ಲ. ಕೆಲವರಲ್ಲಿ ಚೆನ್ನಾಗಿ ಅಳೆದರೆ ಉಳಿದವರಲ್ಲಿ ಅಳೆಯದೆಯೂ ನಡೆಸಬಹುದು ಎಂಬ ಈ ಪಾಠವನ್ನು ಅಳೆಯಬೇಕು ಎನ್ನುವವರು, ಸಂದೇಹಪಡುವವರು ಎರಡೂ ಪಕ್ಷದವರು ಮರೆಯುವುದುಂಟು.

ಕೊಳವೆಯೊಳಗೆ ನಡೆಯುವುದು

ಅಳೆಯುವ ವಿದ್ಯೆಯ ಮೂಲ ಕ್ಯಾನ್ಸರಿನಲ್ಲಿಲ್ಲ, ಎಲೆಯಲ್ಲಿದೆ. ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ಸ್ವೆಟ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎಲೆಯ ರಸವನ್ನು ಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಯಲ್ಲಿ ಇಳಿಸಿ, ಹಸಿರು ಹಳದಿ ಬಣ್ಣಗಳು ಬೇರೆ ಬೇರೆ ಪಟ್ಟಿಗಳಾಗಿ ನಿಲ್ಲುವುದನ್ನು ತೋರಿಸಿದರು. ಕ್ರೊಮ್ಯಾಟೊಗ್ರಫಿ ಎಂದರೆ ಈ ವಿದ್ಯೆಯೇ. ಮಾರ್ಟಿನ್ ಮತ್ತು ಸಿಂಜ್ ಇದನ್ನು ಎರಡು ದ್ರವಗಳ ನಡುವಿನ ಹಂಚಿಕೆಗೆ ವಿಸ್ತರಿಸಿ 1952ರಲ್ಲಿ ನೊಬೆಲ್ ಪಡೆದರು. 1960ರ ದಶಕದಲ್ಲಿ ಹೆಚ್ಚಿನ ಒತ್ತಡದಲ್ಲಿ ದ್ರವ ತಳ್ಳುವ ಯಂತ್ರ ಬಂತು. ಪ್ರಯೋಗಾಲಯದವರು ಎಚ್‌ಪಿಎಲ್‌ಸಿ ಎಂದು ಕರೆಯುವುದು ಇದನ್ನೇ. ಮುಂದೆ ಅದರ ತುದಿಗೆ ಅಣುಗಳನ್ನು ತೂಗುವ ಮಾಸ್ ಸ್ಪೆಕ್ಟ್ರೋಮೀಟರ್ ಜೋಡಿಸಿದರು. ದ್ರವದಲ್ಲಿರುವ ಅಣುವನ್ನು ಆ ಯಂತ್ರಕ್ಕೆ ಒಪ್ಪಿಸುವ ದಾರಿ ಕಂಡುಕೊಂಡ ಜಾನ್ ಫೆನ್ ಅವರಿಗೆ 2002ರಲ್ಲಿ ನೊಬೆಲ್ ಪ್ರಶಸ್ತಿಯ ಒಂದು ಪಾಲು ಸಂದಿತು.

ಕೆಲಸ ನಡೆಯುವ ಬಗೆ ಹೀಗಿದೆ. ರೋಗಿಯ ಕೈಯಿಂದ ಮೂರು ನಾಲ್ಕು ಮಿಲಿಲೀಟರ್ ರಕ್ತ ತೆಗೆದು, ಹೆಪ್ಪುಗಟ್ಟದಂತೆ ರಾಸಾಯನಿಕ ಸವರಿದ ಟ್ಯೂಬಿಗೆ ಹಾಕುತ್ತಾರೆ. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಕಣಗಳು ತಳಕ್ಕಿಳಿದು, ಮೇಲೆ ತಿಳಿಹಳದಿಯ ಪ್ಲಾಸ್ಮಾ ನಿಲ್ಲುತ್ತದೆ. ಅದಕ್ಕೆ ಗೊತ್ತಿರುವ ಪ್ರಮಾಣದ ಇನ್ನೊಂದು ವಸ್ತುವನ್ನು ಸಾಕ್ಷಿಯಾಗಿ ಸೇರಿಸಿ, ಅಸಿಟೊನೈಟ್ರೈಲ್ ಬೆರೆಸಿದೊಡನೆ ಪ್ರೋಟೀನು ಬಿಳಿ ಗಸಿಯಾಗಿ ಕೂರುತ್ತದೆ. ತಿಳಿಯನ್ನಷ್ಟೇ ತೆಗೆದು ಯಂತ್ರಕ್ಕೆ ಕೊಡುತ್ತಾರೆ. ಒಳಗೆ ಗೇಣುದ್ದದ ಉಕ್ಕಿನ ಕಾಲಂ. ಅದರೊಳಗೆ ಸೂಕ್ಷ್ಮವಾದ ಸಿಲಿಕಾ ಕಣಗಳು. ವಿಜಯಪುರದ ಸಿದ್ಧೇಶ್ವರ ಜಾತ್ರೆಯ ಅಂಗಡಿ ಸಾಲಿಗೆ ಎಲ್ಲರೂ ಒಟ್ಟಿಗೆ ಹೊಕ್ಕರೂ, ಅಂಗಡಿ ಅಂಗಡಿಗೆ ನಿಲ್ಲುವವರು ತಡವಾಗಿ ಹೊರಬರುವಂತೆ, ಕಣಗಳಿಗೆ ಹೆಚ್ಚು ಅಂಟುವ ಅಣು ತಡವಾಗಿ ಹೊರಬೀಳುತ್ತದೆ. ಪ್ರತಿ ಔಷಧಕ್ಕೂ ತನ್ನದೇ ಹೊರಬರುವ ನಿಮಿಷವಿದೆ. ಆ ನಿಮಿಷದಲ್ಲಿ ಪರದೆಯ ಮೇಲೆ ಏಳುವ ಶಿಖರದ ವಿಸ್ತೀರ್ಣವೇ ಔಷಧದ ಪ್ರಮಾಣವನ್ನು ಹೇಳುವುದು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಒಂದು, ಶಿಖರವನ್ನು ಅಂಕಿಯಾಗಿಸಲು ಪ್ರತಿ ಸಲವೂ ಗೊತ್ತಿರುವ ಪ್ರಮಾಣದ ಆರೆಂಟು ಮಾದರಿಗಳನ್ನು, ಜೊತೆಗೆ ಗುಣಮಟ್ಟ ಪರೀಕ್ಷೆಯ ಮಾದರಿಗಳನ್ನು ಓಡಿಸಬೇಕು. ನಿಗದಿತ ಮೌಲ್ಯಕ್ಕೂ ಬಂದ ಮೌಲ್ಯಕ್ಕೂ ಶೇ. 15ಕ್ಕಿಂತ ಹೆಚ್ಚು ಅಂತರ ಬರಕೂಡದು. ಹೀಗಾಗಿ ಒಬ್ಬನೇ ರೋಗಿಯ ಒಂದೇ ಮಾದರಿಗೂ ಹತ್ತಾರು ಓಟ ಬೇಕು. ಇಪ್ಪತ್ತು ರೋಗಿಗಳಿದ್ದರೆ ಮಾತ್ರ ಖರ್ಚು ಹಂಚಿಹೋಗುತ್ತದೆ. ಎರಡು, ಯಂತ್ರ ಎಷ್ಟೇ ನಿಖರವಾಗಿದ್ದರೂ ಮಂಚದ ಬಳಿ ಆದ ತಪ್ಪನ್ನು ಅದು ತಿದ್ದಲಾರದು. ಔಷಧ ಏರಿಸುತ್ತಿರುವ ನಾಳದಿಂದಲೇ ರಕ್ತ ತೆಗೆದರೆ ಅಂಕಿ ಸುಳ್ಳಾಗಿ ಏರುತ್ತದೆ. ಸಲಾಯಿನ್ ಎಷ್ಟು ಗಂಟೆಗೆ ಹಚ್ಚಿದರು, ರಕ್ತ ಎಷ್ಟು ಗಂಟೆಗೆ ತೆಗೆದರು ಎಂದು ಬರೆದಿಡದಿದ್ದರೆ ಬಂದ ಅಂಕಿಗೆ ಅರ್ಥವೇ ಇರುವುದಿಲ್ಲ.

ಅಳೆಯಬೇಕು ಎನ್ನುವವರ ಬಲ

ಈ ಪಕ್ಷದ ಅತಿ ಗಟ್ಟಿ ಸಾಕ್ಷಿ ಮೆಥೊಟ್ರೆಕ್ಸೇಟ್. ಅದರ ಕಥೆಯಲ್ಲಿ ನಮ್ಮವರ ಕೈಯೂ ಇದೆ. ಭೀಮಾವರಂನಲ್ಲಿ ಹುಟ್ಟಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ದುಡಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ತಯಾರಿಸಿದ ಅಮಿನೊಪ್ಟೆರಿನ್‌ನಿಂದಲೇ ಸಿಡ್ನಿ ಫಾರ್ಬರ್ 1948ರಲ್ಲಿ ಮಕ್ಕಳ ರಕ್ತದ ಕ್ಯಾನ್ಸರಿಗೆ ಮೊದಲ ಬಾರಿ ತಾತ್ಕಾಲಿಕ ಶಮನ ತಂದರು. ಮೆಥೊಟ್ರೆಕ್ಸೇಟ್ ಅದರ ತಂಗಿ. ಮಕ್ಕಳ ಲ್ಯೂಕೇಮಿಯಾ ಮತ್ತು ಮೂಳೆ ಕ್ಯಾನ್ಸರಿನಲ್ಲಿ ಇದನ್ನು ಭಾರಿ ಪ್ರಮಾಣದಲ್ಲಿ ಕೊಟ್ಟು, ಹಿಂದಿನಿಂದ ಲ್ಯೂಕೊವೊರಿನ್ ಎಂಬ ರಕ್ಷಣೆಯ ಮದ್ದು ಕೊಡುತ್ತಾರೆ. ರಕ್ಷಣೆ ಎಷ್ಟು, ಎಷ್ಟು ದಿನ ಎಂದು ತೀರ್ಮಾನಿಸುವುದು ಪ್ಲಾಸ್ಮಾದ ಮಟ್ಟ. ಸಾಮಾನ್ಯವಾಗಿ 24 ಗಂಟೆಗೆ ಅದು ಲೀಟರಿಗೆ 10 ಮೈಕ್ರೋಮೋಲ್‌ಗಿಂತ, 48 ಗಂಟೆಗೆ 1ಕ್ಕಿಂತ, 72 ಗಂಟೆಗೆ 0.1ಕ್ಕಿಂತ ಕೆಳಗಿರಬೇಕು. ಹಾಗೆ ಇಳಿಯದಿದ್ದರೆ ಔಷಧ ಮೂತ್ರಪಿಂಡದಲ್ಲೇ ಹರಳುಗಟ್ಟಿ, ಹೊರಹೋಗುವ ದಾರಿಯನ್ನೇ ಮುಚ್ಚುತ್ತಿರಬಹುದು. ಆಗ ಒಂದು ದಿನ ತಡವಾದರೂ ಮಗುವಿನ ಜೀವ ಅಪಾಯದಲ್ಲಿರುತ್ತದೆ. ಇಲ್ಲಿ ಅಳತೆ ಬೇಕು ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಅಸ್ಥಿಮಜ್ಜೆ ಕಸಿಗೆ ಮೊದಲು ಕೊಡುವ ಬುಸಲ್ಫಾನ್ ಕೂಡ ಇದೇ ಸಾಲಿನದು.

ಇನ್ನೂ ಮುಂದೆ ಹೋದವರಿದ್ದಾರೆ. ಅಮೆರಿಕದ ಸೇಂಟ್ ಜ್ಯೂಡ್ ಆಸ್ಪತ್ರೆಯ ಇವಾನ್ಸ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರತಿ ಮಗು ಔಷಧವನ್ನು ಹೊರಹಾಕುವ ವೇಗ ನೋಡಿ ಪ್ರಮಾಣ ಹೊಂದಿಸಿದಾಗ, ಬಿ ಬಗೆಯ ಲ್ಯೂಕೇಮಿಯಾದ ಮಕ್ಕಳಲ್ಲಿ ಐದು ವರ್ಷ ರೋಗ ಮರುಕಳಿಸದೆ ಉಳಿದವರು ಶೇ. 76, ಮೈಯಳತೆಯಂತೆ ಕೊಟ್ಟವರಲ್ಲಿ ಶೇ. 66. ಫ್ರಾನ್ಸಿನ ಗಾಮೆಲಿನ್ ತಂಡ 2008ರಲ್ಲಿ, ಹರಡಿದ ದೊಡ್ಡ ಕರುಳಿನ ಕ್ಯಾನ್ಸರಿನ 208 ರೋಗಿಗಳಲ್ಲಿ ಫ್ಲೂರೊಯುರಾಸಿಲ್ ಮಟ್ಟ ನೋಡಿ ಪ್ರಮಾಣ ಬದಲಿಸಿದಾಗ ಗಡ್ಡೆ ಕುಗ್ಗಿದವರ ಪಾಲು ಶೇ. 18.3ರಿಂದ 33.7ಕ್ಕೆ ಏರಿತೆಂದು ತೋರಿಸಿತು. ಪ್ಯಾಕ್ಲಿಟ್ಯಾಕ್ಸೆಲ್ ಬಗ್ಗೆ 2016ರಲ್ಲಿ ಯುರೋಪಿನಿಂದ ಬಂದ ಅಧ್ಯಯನದಲ್ಲಿ ಕೈಕಾಲು ಜೋಮು ಹಿಡಿಯುವ ನರದ ತೊಂದರೆ ಶೇ. 38ರಿಂದ 23ಕ್ಕೆ ಇಳಿಯಿತು. ದಿನವೂ ಇಮಾಟಿನಿಬ್ ನುಂಗುವ ರಕ್ತದ ಕ್ಯಾನ್ಸರ್ ರೋಗಿಗಳಲ್ಲಿ, ಮುಂದಿನ ಗುಳಿಗೆಗೆ ಮೊದಲು ಮಟ್ಟ ಮಿಲಿಲೀಟರಿಗೆ ಸುಮಾರು 1000 ನ್ಯಾನೊಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಇದ್ದವರಿಗೆ ಗುಣ ಹೆಚ್ಚೆಂದು ಹಲವು ಅಧ್ಯಯನಗಳು ಹೇಳುತ್ತವೆ.

ಸಂದೇಹಪಡುವವರ ಬಲ

ಎದುರು ಪಕ್ಷದವರೂ ಹಗುರದವರಲ್ಲ. ಅವರ ಮೊದಲ ಮಾತು: ನಾವು ಅಳೆಯುವುದು ಪ್ಲಾಸ್ಮಾದಲ್ಲಿ, ರೋಗ ಇರುವುದು ಗಡ್ಡೆಯಲ್ಲಿ. ರಕ್ತದಲ್ಲಿ ಸಾಕಷ್ಟಿದ್ದ ಔಷಧ ಗಡ್ಡೆಯ ಒಳಕ್ಕೆ ಹೋಗದಿರಬಹುದು. ಹೋದರೂ ಕೋಶ ಅದನ್ನು ಹೊರದಬ್ಬಬಹುದು. ಎರಡನೆಯದು, ಕೀಮೋ ಎಂದರೆ ಬಹಳ ಸಲ ಎರಡು ಮೂರು ಔಷಧಗಳ ಕೂಟ. ಯಾವುದರ ಮಟ್ಟ ಯಾವ ಫಲಕ್ಕೆ ಕಾರಣವೆಂದು ಬಿಡಿಸುವುದು ಕಷ್ಟ. ಮೂರನೆಯದು ಎಲ್ಲಕ್ಕಿಂತ ಭಾರವಾದದ್ದು. ಗಡ್ಡೆ ಕುಗ್ಗಿತು, ನಂಜು ತಗ್ಗಿತು ಎಂಬ ಸಾಕ್ಷಿ ಇದೆ. ಬದುಕು ಉದ್ದವಾಯಿತು ಎಂಬ ಸಾಕ್ಷಿ ತೀರ ಕಡಿಮೆ. ಗಾಮೆಲಿನ್ ಅಧ್ಯಯನದಲ್ಲೂ ಆಯುಷ್ಯದ ಅಂತರ ಸಂಖ್ಯಾಶಾಸ್ತ್ರದ ಒರೆಗೆ ನಿಲ್ಲಲಿಲ್ಲ, ಅಲ್ಲಿ ಬಳಸಿದ ಚಿಕಿತ್ಸಾ ಕ್ರಮವೂ ಈಗ ಹಳತಾಗಿದೆ. ಪ್ಯಾಕ್ಲಿಟ್ಯಾಕ್ಸೆಲ್ ಅಧ್ಯಯನದಲ್ಲಿ ಬಿಳಿ ರಕ್ತಕಣದ ತೀವ್ರ ಕುಸಿತ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಸಮನಾಗಿತ್ತು.

ಬಡ ನೆಲದ ವೈದ್ಯರು ಎತ್ತುವ ಆಕ್ಷೇಪ ಬೇರೆ. ಅಳೆಯಲು ಆಗದ ಕಡೆ ಏನು ಮಾಡಬೇಕು? ಚಂಡೀಗಢದ ಪಿಜಿಐ ಆಸ್ಪತ್ರೆಯ ವೈದ್ಯರು 2018ರಲ್ಲಿ ಪ್ರಕಟಿಸಿದ ಅನುಭವದಂತೆ, ಸಲಾಯಿನನ್ನು ಹೆಚ್ಚು ಹೊತ್ತು ಹರಿಸಿ, ಲ್ಯೂಕೊವೊರಿನ್ ಹೆಚ್ಚಿಸಿದರೆ ಮಟ್ಟ ತಿಳಿಯದೆಯೂ ಮಕ್ಕಳಿಗೆ ಭಾರಿ ಮೆಥೊಟ್ರೆಕ್ಸೇಟನ್ನು ಸುರಕ್ಷಿತವಾಗಿ ಕೊಡಬಹುದು. ಮುಂಬಯಿಯ ಟಾಟಾ ಆಸ್ಪತ್ರೆಯವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತಲೆ ಮತ್ತು ಕುತ್ತಿಗೆಯ ಮುಂದುವರಿದ ಕ್ಯಾನ್ಸರಿಗೆ ವಾರಕ್ಕೊಮ್ಮೆ ಕಿರು ಪ್ರಮಾಣದ ಮೆಥೊಟ್ರೆಕ್ಸೇಟ್ ಗುಳಿಗೆಯನ್ನು ಸೆಲೆಕಾಕ್ಸಿಬ್ ಜೊತೆ ಕೊಟ್ಟಾಗ, ಸಿಸ್‌ಪ್ಲಾಟಿನ್‌ಗಿಂತ ಒಳ್ಳೆಯ ಫಲ ಬಂತು. ಅದರಲ್ಲಿ ಪ್ಲಾಸ್ಮಾ ಮಟ್ಟ ನೋಡುವ ಮಾತೇ ಇಲ್ಲ. ಗುಟ್ಕಾ, ತಂಬಾಕಿನಿಂದ ಬಾಯಿ ಕ್ಯಾನ್ಸರ್ ಕಾಡುವ ನಮ್ಮ ಭಾಗಕ್ಕೆ ಇದು ಸಣ್ಣ ಸುದ್ದಿಯಲ್ಲ. ಇಮಾಟಿನಿಬ್ ವಿಚಾರದಲ್ಲೂ, ಮಟ್ಟ ತಗ್ಗುವುದಕ್ಕೆ ಬಹಳ ಸಲ ಕಾರಣ ಗುಳಿಗೆ ತಪ್ಪಿಸುವುದೇ ಎಂದು ಲಂಡನ್ನಿನ 2010ರ ಅಧ್ಯಯನ ತೋರಿಸಿದೆ. ಹಾಗಿದ್ದರೆ ಯಂತ್ರ ಏಕೆ, ಕೇಳಿದರೆ ಸಾಲದೇ ಎನ್ನುತ್ತಾರೆ.

ಈ ಆಕ್ಷೇಪಗಳಲ್ಲಿ ಅರ್ಧದಷ್ಟನ್ನು ಒಪ್ಪಬೇಕು. ಎಲ್ಲ ಕೀಮೋ ಔಷಧವನ್ನೂ ಎಲ್ಲರಲ್ಲೂ ಅಳೆಯಬೇಕೆಂಬ ಹಟಕ್ಕೆ ಆಧಾರವಿಲ್ಲ. ಆದರೆ ಚಂಡೀಗಢದ ದಾರಿಗೂ ಬೆಲೆಯಿದೆ. ಎಲ್ಲ ಮಕ್ಕಳಿಗೂ ಹೆಚ್ಚು ರಕ್ಷಣಾ ಮದ್ದು, ಹೆಚ್ಚು ದಿನದ ದಾಖಲಾತಿ ಬೇಕಾಗುತ್ತದೆ. ಲ್ಯೂಕೊವೊರಿನ್ ಅತಿಯಾದರೆ ಕ್ಯಾನ್ಸರ್ ಕೋಶಗಳೂ ರಕ್ಷಣೆ ಪಡೆಯುತ್ತವೆಂಬ ಅಳುಕಂತೂ ಇದ್ದೇ ಇದೆ. ಆ ವೈದ್ಯರು ಅದನ್ನು ಅಳತೆ ಇಲ್ಲದ ಕಡೆಗೆಂದು ಹೇಳಿದ್ದಾರೆಯೇ ಹೊರತು ಅಳತೆ ಬೇಡವೆಂದು ಹೇಳಿಲ್ಲ. ಇಮಾಟಿನಿಬ್ ರೋಗಿಯನ್ನು ಕೇಳಿದರೆ ಸಾಕೆಂಬ ಮಾತೂ ಪೂರ್ತಿ ಸರಿಯಲ್ಲ. ಕ್ಷಯಕ್ಕೆ ರಿಫಾಂಪಿಸಿನ್ ನುಂಗುವವರಲ್ಲಿ ಇಮಾಟಿನಿಬ್‌ನ ಒಟ್ಟು ಸಂಪರ್ಕ ಸುಮಾರು ಮುಕ್ಕಾಲು ಭಾಗ ಕುಸಿಯುತ್ತದೆ. ಒಂದು ದಿನವೂ ಗುಳಿಗೆ ತಪ್ಪಿಸದ ರೋಗಿಯಲ್ಲಿ ಮಟ್ಟ ನೆಲ ಕಚ್ಚಿರುತ್ತದೆ. ಕ್ಷಯ ಇನ್ನೂ ಬಿಡದ ನಾಡಿನಲ್ಲಿ ಇದು ಪುಸ್ತಕದ ಮಾತಾಗಿ ಉಳಿಯುವುದಿಲ್ಲ.

ಮೊದಲೇ ಒಮ್ಮೆ ಅಳೆಯುವ ಮೂರನೆಯ ದಾರಿ

ಇತ್ತೀಚಿನ ವರ್ಷಗಳಲ್ಲಿ ಬಲ ಪಡೆದ ದಾರಿ ಇದು. ಫ್ಲೂರೊಯುರಾಸಿಲ್ ಮತ್ತು ಅದರ ಗುಳಿಗೆ ರೂಪವಾದ ಕೆಪೆಸಿಟಾಬಿನ್ ಅನ್ನು ಮೈಯಲ್ಲಿ ಒಡೆಯುವುದು ಡಿಪಿಡಿ ಎಂಬ ಕಿಣ್ವ. ಅದು ಕಡಿಮೆ ಇದ್ದವರಿಗೆ ವಾಡಿಕೆಯ ಪ್ರಮಾಣ ತೀವ್ರ ನಂಜಾಗುತ್ತದೆ, ಇಲ್ಲವೇ ಇಲ್ಲದವರಿಗೆ ಪ್ರಾಣವನ್ನೇ ತೆಗೆಯಬಹುದು. ಔಷಧ ಕೊಟ್ಟ ಮೇಲೆ ಅಳೆಯುವ ಬದಲು, ಕೊಡುವ ಮೊದಲೇ ಕಿಣ್ವದ ಬಲವನ್ನು ತಿಳಿದರೆ ಹೇಗೆ? 2020ರಲ್ಲಿ ಯುರೋಪಿನ ಔಷಧ ಸಂಸ್ಥೆ ಇಂಥ ಪರೀಕ್ಷೆಯನ್ನು ಶಿಫಾರಸು ಮಾಡಿತು. ಪರೀಕ್ಷೆ ಎರಡು ಬಗೆ. ಜೀನ್ ನೋಡುವುದು ಒಂದು. ಪ್ಲಾಸ್ಮಾದಲ್ಲಿ ಯುರಾಸಿಲ್ ಎಂಬ ಸಹಜ ವಸ್ತುವನ್ನು ಕ್ರೊಮ್ಯಾಟೊಗ್ರಫಿಯಿಂದ ಅಳೆಯುವುದು ಇನ್ನೊಂದು. ಮಿಲಿಲೀಟರಿಗೆ 16 ನ್ಯಾನೊಗ್ರಾಂ ದಾಟಿದರೆ ಕಿಣ್ವ ಭಾಗಶಃ ಕೊರತೆಯಲ್ಲಿದೆ, 150 ದಾಟಿದರೆ ಪೂರ್ತಿ ಇಲ್ಲವೆಂದು ಫ್ರಾನ್ಸ್ ನಿಯಮ ಮಾಡಿಕೊಂಡಿದೆ. ಜೀನ್ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಹುಡುಕುವ ನಾಲ್ಕು ರೂಪಾಂತರಗಳನ್ನು ಆರಿಸಿದ್ದು ಯುರೋಪಿನ ಜನರನ್ನು ನೋಡಿ. ನಮ್ಮ ಜನರಲ್ಲಿ ಕಿಣ್ವದ ಕೊರತೆಗೆ ಬೇರೆ ರೂಪಾಂತರ ಕಾರಣವಾಗಿದ್ದರೆ ಆ ಪರೀಕ್ಷೆ ಏನೂ ಇಲ್ಲವೆಂದು ಹೇಳಿಬಿಡುತ್ತದೆ. ಯುರಾಸಿಲ್‌ಗೆ ಆ ಮಿತಿಯಿಲ್ಲ, ಕಿಣ್ವ ಯಾವ ಕಾರಣಕ್ಕೆ ಸೋತರೂ ಅದು ಏರುತ್ತದೆ. ನಮ್ಮ ನಾಡಿಗೆ ಕ್ರೊಮ್ಯಾಟೊಗ್ರಫಿಯ ಅತಿ ದೊಡ್ಡ ಉಪಯೋಗ ಇದೇ ಆಗಬಹುದೆಂದು ನನ್ನ ನಂಬಿಕೆ: ಅದು ಒಂದು ಸಲದ ಪರೀಕ್ಷೆ, ಅದರ ಫಲಿತಾಂಶಕ್ಕಾಗಿ ಚಿಕಿತ್ಸೆ ಆರಂಭಿಸುವ ಮೊದಲು ಕೆಲವು ದಿನ ಕಾಯಬಹುದು.

ನಾಲ್ಕು ತಾಲ್ಲೂಕುಗಳಿಂದ ನೋಡಿದಾಗ

ಈ ನಾಲ್ಕು ಊರುಗಳೂ ವಿಜಯಪುರದಿಂದ ಸುಮಾರು ನಲವತ್ತರಿಂದ ಎಂಬತ್ತು ಕಿ.ಮೀ. ಒಳಗಿವೆ. ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಇಲ್ಲಿನ ಮಂದಿ ವಿಜಯಪುರದ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿಗೆ, ಕಲಬುರಗಿಯ ಕಿದ್ವಾಯಿ ಕೇಂದ್ರಕ್ಕೆ, ಹುಬ್ಬಳ್ಳಿಗೆ, ಇಂಡಿಯ ಕಡೆಯವರಾದರೆ ರೈಲು ಹತ್ತಿ ಸೊಲ್ಲಾಪುರಕ್ಕೆ ಹೋಗುತ್ತಾರೆ. ಐನೂರು ಕಿ.ಮೀ.ಗೂ ದೂರದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ 1973ರಿಂದ ಇವರ ಕೊನೆಯ ಆಸರೆ. 2025ರಲ್ಲಿ ರಾಜ್ಯ ಸರ್ಕಾರ ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋ ಕೇಂದ್ರಗಳನ್ನು ತೆರೆಯತೊಡಗಿತು. ಔಷಧ ಊರ ಹತ್ತಿರ ಬರುತ್ತಿದೆ. ಅಳತೆಯೂ ಜೊತೆಗೆ ಬರಬೇಕೇ ಎಂಬುದು ಈಗಿನ ಪ್ರಶ್ನೆ.

ಯಂತ್ರವಿಲ್ಲ ಎಂಬ ಉತ್ತರವನ್ನು ನಾನು ಒಪ್ಪುವುದಿಲ್ಲ. ಎಚ್‌ಪಿಎಲ್‌ಸಿ ಇಂದು ಫಾರ್ಮಸಿ ಕಾಲೇಜುಗಳಲ್ಲಿ ಅಪರೂಪದ ವಸ್ತುವಲ್ಲ. ಗುಳಿಗೆಯಲ್ಲಿ, ಪ್ರಯೋಗಕ್ಕೆ ಬೆರೆಸಿದ ಪ್ಲಾಸ್ಮಾದಲ್ಲಿ ಕ್ಯಾನ್ಸರ್ ಔಷಧವನ್ನು ಅಳೆಯುವ ವಿಧಾನ ರೂಪಿಸುವುದು ಎಂ.ಫಾರ್ಮ್ ವಿದ್ಯಾರ್ಥಿಗಳ ನೆಚ್ಚಿನ ಪ್ರಬಂಧ ವಿಷಯ. ಬೆಂಗಳೂರಿನಲ್ಲಿ ಔಷಧ ಕಂಪನಿಗಳಿಗಾಗಿ ಪ್ಲಾಸ್ಮಾ ಮಾದರಿಗಳನ್ನು ನಿತ್ಯ ಓಡಿಸುವ ಪ್ರಯೋಗಾಲಯಗಳಿವೆ. ನಮ್ಮಲ್ಲಿಲ್ಲದ್ದು, ರೋಗಿಯ ರಕ್ತವನ್ನು ಅಲ್ಲಿಗೆ ಹೊತ್ತು, ರಾತ್ರಿಯಾದರೂ ಓಡಿಸಿ, ಅಂಕಿಯನ್ನು ವಾರ್ಡಿಗೆ ಮುಟ್ಟಿಸಿ, ಅದರ ಹೊಣೆ ಹೊರುವ ವ್ಯವಸ್ಥೆ. ಇನ್ನೊಂದು ಸತ್ಯವನ್ನೂ ಹೇಳಬೇಕು: ಮೆಥೊಟ್ರೆಕ್ಸೇಟಿಗೆ ಕ್ರೊಮ್ಯಾಟೊಗ್ರಫಿಯೇ ಬೇಕೆಂದಿಲ್ಲ. ದೊಡ್ಡ ಆಸ್ಪತ್ರೆಗಳ ಲ್ಯಾಬಿನಲ್ಲಿರುವ ಬಯೋಕೆಮಿಸ್ಟ್ರಿ ಯಂತ್ರಗಳಲ್ಲೇ ಪ್ರತಿಕಾಯ ಬಳಸಿ ಒಂದೆರಡು ಗಂಟೆಯಲ್ಲಿ ಮಟ್ಟ ಹೇಳಬಹುದು. ಗ್ಲುಕಾರ್ಪಿಡೇಸ್ ಎಂಬ ದುಬಾರಿ ಪ್ರತಿಮದ್ದು ಕೊಟ್ಟ ಮೇಲೆ ಮಾತ್ರ ಆ ಪರೀಕ್ಷೆ ಒಡೆದ ಚೂರುಗಳನ್ನೂ ಔಷಧವೆಂದೇ ಎಣಿಸಿ ದಾರಿ ತಪ್ಪಿಸುತ್ತದೆ; ಆಗ ಕ್ರೊಮ್ಯಾಟೊಗ್ರಫಿಯೇ ಗತಿ. ಗಂಟೆಗಳಲ್ಲಿ ಉತ್ತರ ಬೇಕಾದ ಕಡೆ ವೇಗದ ವಿಧಾನವನ್ನು ಆರಿಸುವುದೇ ಸರಿ.

ಬಿಸಿಲೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಫ್ಲೂರೊಯುರಾಸಿಲ್ ಇರುವ ರಕ್ತವನ್ನು ಮಂಜುಗಡ್ಡೆಯಲ್ಲಿಡದಿದ್ದರೆ ಟ್ಯೂಬಿನೊಳಗೇ ಔಷಧ ಕರಗುತ್ತಾ ಹೋಗುತ್ತದೆ. ಯುರಾಸಿಲ್ ಇದಕ್ಕೆ ತದ್ವಿರುದ್ಧವಾಗಿ ಏರುತ್ತದೆ. ಕಿಣ್ವ ಸರಿಯಿದ್ದವರಿಗೂ ಕೊರತೆಯೆಂಬ ಹಣೆಪಟ್ಟಿ ಬಿದ್ದು, ಸಲ್ಲಬೇಕಾದ ಔಷಧ ಕಡಿತವಾಗುತ್ತದೆ. ಒಂದೂವರೆ ಗಂಟೆಯೊಳಗೆ ಪ್ಲಾಸ್ಮಾ ಬೇರೆ ಮಾಡಿ ಘನೀಕರಿಸಬೇಕು. ನಲವತ್ತು ಡಿಗ್ರಿ ದಾಟುವ ಏಪ್ರಿಲ್ ಮೇ ತಿಂಗಳಲ್ಲಿ ಮುದ್ದೇಬಿಹಾಳದಿಂದ ಬಸ್ಸಿನಲ್ಲಿ ಕಳಿಸಿದ ಟ್ಯೂಬು ಏನು ಹೇಳೀತು? ಆದ್ದರಿಂದ ಈ ಪರೀಕ್ಷೆಗೆ ತಾಲ್ಲೂಕಿನಲ್ಲಿ ರಕ್ತ ತೆಗೆಯಬಾರದು. ರೋಗಿಯೇ ವಿಜಯಪುರಕ್ಕೆ ಬಂದಾಗ ತೆಗೆಯಬೇಕು. ಇಮಾಟಿನಿಬ್ ಅಷ್ಟು ನಾಜೂಕಲ್ಲ. ಬೆರಳ ತುದಿಯ ಒಂದು ಹನಿಯನ್ನು ಕಾಗದದ ಮೇಲೆ ಒಣಗಿಸಿ ಅಂಚೆಯಲ್ಲಿ ಕಳಿಸುವ ವಿಧಾನ ಅದಕ್ಕೆ ಒಗ್ಗುತ್ತದೆ. ಇಂಡಿಯ ರೋಗಿ ಊರಲ್ಲೇ ಇದ್ದು ದೂರದ ಪ್ರಯೋಗಾಲಯದಿಂದ ಅಂಕಿ ತರಿಸಿಕೊಳ್ಳಬಹುದಾದದ್ದು ಇದೊಂದೇ.

ಇತ್ಯರ್ಥವಾಗದೆ ಉಳಿದದ್ದು

ನಾವು ಬಳಸುವ ಗುರಿ ಮಟ್ಟಗಳೆಲ್ಲ ಹೆಚ್ಚಾಗಿ ಯುರೋಪು, ಅಮೆರಿಕದ ರೋಗಿಗಳಿಂದ ಬಂದವು. ಪ್ರೋಟೀನಿಗೆ ಅಂಟಿಕೊಳ್ಳುವ ಔಷಧಗಳಲ್ಲಿ ಕೆಲಸ ಮಾಡುವುದು ಅಂಟದೆ ಉಳಿದ ಪಾಲು. ರಕ್ತದಲ್ಲಿ ಆಲ್ಬುಮಿನ್ ತಗ್ಗಿರುವ, ಊಟ ಸಾಲದ ರೋಗಿಯಲ್ಲಿ ಒಟ್ಟು ಮಟ್ಟದ ಅಂಕಿ ಏನನ್ನು ಹೇಳುತ್ತದೆಂಬುದು ತೀರ್ಮಾನವಾಗಿಲ್ಲ. ಒಣ ಹನಿಯ ವಿಧಾನಕ್ಕೂ ಇಂಥದೇ ತೊಡಕಿದೆ: ರಕ್ತಹೀನತೆ ಇದ್ದವರ ಹನಿ ಕಾಗದದ ಮೇಲೆ ಹೆಚ್ಚು ಹರಡುತ್ತದೆ, ಅಂಕಿ ಬದಲಾಗುತ್ತದೆ. ಅದಕ್ಕೆ ತಿದ್ದುಪಡಿ ಎಷ್ಟು ಎಂಬುದನ್ನು ನಮ್ಮ ರೋಗಿಗಳಲ್ಲೇ ಕಂಡುಕೊಳ್ಳಬೇಕು. ಯುರಾಸಿಲ್‌ನ 16 ಎಂಬ ಗೆರೆ ನಮ್ಮವರಿಗೂ ಅದೇ ಇರಬೇಕೇ? ಮಟ್ಟ ನೋಡಿ ಪ್ರಮಾಣ ಹೊಂದಿಸಿದರೆ ಗಡ್ಡೆ ಕ್ಯಾನ್ಸರಿನವರ ಆಯುಷ್ಯ ಹೆಚ್ಚುತ್ತದೆಯೇ? ಕೀಮೋ ಪ್ಯಾಕೇಜಿನೊಳಗೆ ಈ ಪರೀಕ್ಷೆಯ ಖರ್ಚನ್ನು ಯಾರು ಹೊರಬೇಕು? ಈ ಮೂರಕ್ಕೂ ಒಪ್ಪಿತ ಉತ್ತರವಿಲ್ಲ.

ಅಲ್ಲಿಯ ತನಕ, ಮನೆಯಲ್ಲಿ ಯಾರಿಗಾದರೂ ಕೀಮೋ ನಡೆಯುತ್ತಿದ್ದರೆ, ನೋವಿನ ಗುಳಿಗೆ, ಆ್ಯಸಿಡಿಟಿ ಗುಳಿಗೆ, ಕ್ಷಯದ ಗುಳಿಗೆ ಸೇರಿದಂತೆ ನುಂಗುತ್ತಿರುವ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರಿಗೆ ತೋರಿಸಿ. ಮೆಥೊಟ್ರೆಕ್ಸೇಟ್ ಮೈಯಲ್ಲಿ ಉಳಿದುಬಿಡುವುದಕ್ಕೆ ಮೊದಲಿನ ಎರಡೂ ಕಾರಣವಾಗಬಲ್ಲವು. ಫ್ಲೂರೊಯುರಾಸಿಲ್ ಅಥವಾ ಕೆಪೆಸಿಟಾಬಿನ್ ಬರೆದುಕೊಟ್ಟರೆ, ಡಿಪಿಡಿ ಪರೀಕ್ಷೆ ಮಾಡಿಸಬಹುದೇ ಎಂದು ಮೊದಲ ಸಲಾಯಿನ್ ಅಥವಾ ಗುಳಿಗೆಗೆ ಮುಂಚೆಯೇ ಕೇಳಿ.